ಅಪ್ಪ ಕೂತು ಬಂದ ಕಾರು

ಕೆಂಕೆರೆ,
ಸೋಮವಾರ

ಇಂಪನಾಳ ಅಪ್ಪನವರಿಗೆ,

ತಿಪಟೂರಿನ ಆಸ್ಪತ್ರೆಯಿಂದ ನಮ್ಮಪ್ಪನ ಹೆಣ ತರೋಕೆ ನಿಮ್ಮ ಹೊಸ ಪಿಕಪ್ ಕೇಳಿದೆ. ನಾಲ್ಕು ಜನ ಕಾಲು ಚಾಚಿ ಮಲಗುವಷ್ಟು ಜಾಗ ಅದರಲ್ಲಿ. “ಇನ್ನೂ ಪೂಜೆ ಆಗಿಲ್ಲ ಕಣೇ, ಗಾಡಿಗೆ ಸೂತಕ” ಅಂದಿರಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಎಲ್ಲಿಯ ಸೂತಕ?

ನೀವು ಗುಜರಿ ಅಂತಿದ್ದ ಅಪ್ಪನ ಹಳೇ ಪುಟ್ಟ ಕಾರನ್ನೇ ಓಡಿಸಿದೆ. ಮಲಗಿಸೋಕೆ ಜಾಗವಿಲ್ಲದೆ ಮುಂದಿನ ಸೀಟಿನಲ್ಲಿ ಕೂರಿಸಿ ಪಂಚೆಯಿಂದ ಸೀಟಿಗೆ ಕಟ್ಟಿದೆ. ಹೇಗೂ ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡೋದು. ದಾರಿಯುದ್ದಕ್ಕೂ ತಲೆ ನನ್ನ ಹೆಗಲಿಗೆ ವಾಲುತ್ತಿತ್ತು.

ಮಾರನೇ ದಿನವೇ ಸ್ಟೇಟಸ್‌ನಲ್ಲಿ ಚೆಂಡು ಹೂ ಮುಡಿದ ನಿಮ್ಮ ಪಿಕಪ್ ನೋಡಿದೆ. ಹೇಸಿಗೆ ಆಯ್ತು ಕಣ್ರೀ.

ಅಪ್ಪನ ಶಿವಗಣಾರಾಧನೆಗೆ ಬರೋದಾದರೆ ಬಸ್ಸಿನಲ್ಲಿ ಬನ್ನಿ. ನನ್ನ ಬಟ್ಟೆ, ಇಂಪನಾಳ ಶಾಲೆ ಪುಸ್ತಕ ತನ್ನಿ. ವಾಪಸ್ ಹೋಗುವಾಗ ಒಂದೇ ಟಿಕೆಟ್ ತಗೊಳ್ಳಿ.

ಕಾಡಸಿದ್ದಪ್ಪನ ಮಗಳು,
ಶೈಲಜಾ