ಹುಲಿಗೆಮ್ಮ ತಾನಾಗಿ ಹೊರಗೆ ಹೋಗಲಿಲ್ಲ

ಹಿರೇಬಂಡೆ ನೆರಳುಮನೆ, ದೇವದುರ್ಗ ಸೀಮೆ
ಕ್ರಿ.ಶ. ೨೨೧೪, ಎರಡನೆಯ ಬೇಸಿಗೆಯ ಅರವತ್ತೊಂದನೆಯ ಹಗಲು

ನಮಗಿಂತ ಇನ್ನೂರು ವರ್ಷ ಹಿಂದೆ ಬದುಕುತ್ತಿರುವ ಹಿರಿಯರಿಗೆ,

ನಮ್ಮ ಊರಿನ ದಾಖಲೆಗಾರ ಚನ್ನವೀರನು ಕಳೆದ ಪತ್ರದಲ್ಲಿ ನಿಮಗೆ ತಿಳಿಸಿದ ಸಂಗತಿ ತಪ್ಪು. ಹುಲಿಗೆಮ್ಮ ಎಂಬ ಕೆಲಸಗಾರ್ತಿ ಹಟ ಹಿಡಿದು, ತಡೆದವರನ್ನು ಲೆಕ್ಕಿಸದೆ ಬಿಸಿಲಿಗೆ ನಡೆದು ಸತ್ತಳೆಂದು ಅವನು ಬರೆದಿದ್ದಾನೆ. ಅವಳು ನಡೆದು ಹೋಗಲಿಲ್ಲ. ನಾವು ಅವಳನ್ನು ಹೊರಗೆ ಹಾಕಿದೆವು. ಮೂವತ್ತೆಂಟು ವರ್ಷ ಮಕ್ಕಳ ಬರವಣಿಗೆಯನ್ನು ತಿದ್ದಿದ ನಾನು ಈ ಒಂದು ವಾಕ್ಯವನ್ನು ಹಾಗೆಯೇ ಬಿಡಲಾರೆ.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ತೋರಿದರೆ ಕ್ಷಮಿಸಬೇಕು. ನಿಮಗೆ ಬೇಸಿಗೆ ಒಂದೇ. ನಮಗೆ ಎರಡು, ನಡುವೆ ಆರು ವಾರಗಳ ಮೋಡ. ಬೆಳಗಿನ ಹತ್ತಕ್ಕೆ ಗಂಟೆ ಬಾರಿಸಿದೊಡನೆ ಊರೆಲ್ಲ ನೆರಳುಮನೆ ಸೇರಬೇಕು. ಅದು ಬಂಡೆ ಕೊರೆದು ಮಾಡಿದ ಉದ್ದನೆಯ ಪಡಸಾಲೆ. ಸಂಜೆ ಐದರವರೆಗೆ ನಾನೂರು ಜನ ಅಲ್ಲಿಯೇ ತಣ್ಣನೆಯ ರೊಟ್ಟಿ ತಿನ್ನುತ್ತಾರೆ, ಕೌದಿ ಹೊಲಿಯುತ್ತಾರೆ, ಮಕ್ಕಳನ್ನು ಮಲಗಿಸುತ್ತಾರೆ. ಗೋಡೆಯ ಪಕ್ಕದಲ್ಲಿ ಆಳುದ್ದದ ಕಲ್ಲುದೋಣಿ, ಅದರ ತುಂಬ ನೀರು. ತಂಪುಗಿತ್ತಿ ಎಂದರೆ ಬಿಸಿಲು ಬಡಿದವರ ಆರೈಕೆ ಕಲಿತ ಹೆಂಗಸು. ನಿಮ್ಮಲ್ಲಿ ಸೂಲಗಿತ್ತಿ ಇದ್ದ ಹಾಗೆ. ಇಷ್ಟು ಜನ ಇಕ್ಕಟ್ಟಿನಲ್ಲಿ ಕೂಡಿರಬೇಕಾದ್ದರಿಂದ ಒಂದು ಕಟ್ಟಳೆಯಿದೆ: ಒಳಗೆ ಜಗಳ ತೆಗೆದವರು ಕಾಲು ಗಂಟೆ ಹೊರಗಟ್ಟೆಯ ಮೇಲೆ ಕುಳಿತು ಬರಬೇಕು. ನನ್ನ ಅಜ್ಜಿಯ ಕಾಲದಲ್ಲಿ ಒಳಗೊಂದು ಕೊಲೆಯಾದ ಮೇಲೆ ಹುಟ್ಟಿದ ಕಟ್ಟಳೆ ಅದು. ಶಾಲೆಯಲ್ಲಿ ನಾನೇ ಅದನ್ನು ಬಾಯಿಪಾಠ ಮಾಡಿಸಿದ್ದೇನೆ. ನಿವೃತ್ತಿಯ ನಂತರ ಊರವರು ಬಾಗಿಲಿನ ಹೊಣೆಯನ್ನು ನನಗೆ ವಹಿಸಿದಾಗ ಹೆಮ್ಮೆಯಿಂದಲೇ ಒಪ್ಪಿಕೊಂಡೆ.

ಹುಲಿಗೆಮ್ಮ ಊರಿನ ಮಾಳಿಗೆಗಳ ಮೇಲಿನ ಬಿಸಿಲುಹಲಗೆಗಳನ್ನು, ಅಂದರೆ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಫಲಕಗಳನ್ನು, ರಿಪೇರಿ ಮಾಡುವವಳು. ಆ ದಿನ ಗಂಟೆಯಾಗಿ ಅರ್ಧ ತಾಸಿನ ಮೇಲೆ ಒಳಗೆ ಬಂದಳು. ಸೀರೆ ಬೆವರಿನಲ್ಲಿ ಅದ್ದಿ ತೆಗೆದಂತಿತ್ತು. ನೇಕಾರ ಮೌಲಾಸಾಬನು ಸರಿದು ಜಾಗ ಕೊಟ್ಟು, ನೀರಿನ ಚೊಂಬು ಚಾಚಿದ.

"ಮುಟ್ಟಬ್ಯಾಡ ನನ್ನ," ಎಂದಳು. "ನನ್ನ ಎಮ್ಮಿ ಎಲ್ಲಿ ಕಟ್ಟೀರಿ ಹೇಳ್ರಿ."

"ಈ ಸೀಮ್ಯಾಗ ಎಮ್ಮಿ ಅಳಿದು ಮೂರು ತಲಿಮಾರಾತಬೇ ತಂಗಿ," ಎಂದು ಮೌಲಾಸಾಬ ನಕ್ಕ. "ಮ್ಯಾಲೆ ಸೂರ್ಯನ ಕೂಡ ಜಗಳಾಡಿ ಬಂದಾಳ, ಈಗ ನಮ್ಮ ಪಾಳಿ."

ಸುತ್ತಲಿನವರೂ ನಕ್ಕರು. ಹುಲಿಗೆಮ್ಮ ಚೊಂಬು ಕಸಿದು ಅವನ ಹಣೆಗೆ ಎಸೆದಳು. ರಕ್ತ ಬಂತು. ತಂಪುಗಿತ್ತಿ ದ್ಯಾವಮ್ಮ ಅವಳ ತೋಳು ಮುಟ್ಟಿ ನೋಡಿ, "ಬೆವರು ಸುರಿಯಾಕತ್ತೈತಿ. ಬಿಸಿಲು ಬಡಿದಿಲ್ಲ, ಇದು ಬರೇ ಸಿಟ್ಟು," ಎಂದಳು. ಬೆವರು ಆರುವವರೆಗೆ ಭಯವಿಲ್ಲವೆಂಬುದು ನಮ್ಮೆಲ್ಲರ ನಂಬಿಕೆಯಾಗಿತ್ತು. ಹುಲಿಗೆಮ್ಮನ ಹತ್ತೊಂಬತ್ತರ ಮಗಳು ನೀಲಮ್ಮ ನನ್ನ ಕೈ ಹಿಡಿದು, "ಅಕ್ಕೋರೆ, ನಮ್ಮವ್ವ ಹಿಂಗ ಮಾತಾಡಾಕಿ ಅಲ್ಲ, ಒಂದೀಟು ನೋಡ್ರಿ," ಎಂದಳು. ಆ ಪಡಸಾಲೆಯಲ್ಲಿ ರೋಗವನ್ನು ಸರಿಯಾಗಿ ಗುರುತಿಸಿದವಳು ಅವಳೊಬ್ಬಳೇ.

ನಾನು ನೋಡಿದೆ. ಹುಲಿಗೆಮ್ಮ ನನ್ನ ಶಿಷ್ಯೆ. ಎಲ್ಲಿ ಕಂಡರೂ ಎದ್ದು ನಿಲ್ಲುತ್ತಿದ್ದವಳು. ಅಂದು ನನ್ನ ಮುಖವನ್ನೇ ದಿಟ್ಟಿಸಿ, "ನೀ ಯಾರಬೇ ಮುದುಕಿ?" ಎಂದಳು. ನಾನೂರು ಜನರ ಮುಂದೆ. ನಾನು ಅಗುಳಿ ತೆಗೆದೆ. ಇಬ್ಬರು ತೋಳು ಹಿಡಿದು ನಡೆಸುವಾಗ ಅವಳು ತೂರಾಡುತ್ತಿದ್ದಳು. "ನಾಟಕ ಬೇಡ, ನೆಟ್ಟಗೆ ನಡೆ," ಎಂದೆ. ಅವಳು ಕೇಳಿದ ಕೊನೆಯ ಮಾತು ಅದೇ. ಕಾಲು ಗಂಟೆಯ ಮೇಲೆ ಕದ ತೆರೆದಾಗ ಕಟ್ಟೆಯ ಕೆಳಗೆ ಬಿದ್ದಿದ್ದಳು. ಮೈ ಕೆಂಡವಾಗಿತ್ತು, ಆದರೂ ಬೆವರು ಆರಿರಲಿಲ್ಲ. ಆಮೇಲೆ ದೋಣಿಯ ನೀರಿನಲ್ಲಿ ಇಳಿಸಿದೆವು. ಅವಳು ಮೊದಲು ನಿಂತಿದ್ದ ಜಾಗದಿಂದ ಆ ದೋಣಿ ಹನ್ನೆರಡು ಹೆಜ್ಜೆ.

ಆದ್ದರಿಂದ ಗಮನವಿಟ್ಟು ಓದಿ. ತಲೆನೋವು, ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿತ ಇದ್ದು ಬುದ್ಧಿ ಸ್ಥಿಮಿತದಲ್ಲಿದ್ದರೆ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ಆಸ್ಪತ್ರೆಗೆ ಒಯ್ಯಿರಿ. ಆದರೆ ಬಿಸಿಲಿನಿಂದ ಬಂದ ಮನುಷ್ಯ ತೊದಲಿದರೆ, ತೂರಾಡಿದರೆ, ಇಲ್ಲದ್ದನ್ನು ಕೇಳಿದರೆ, ಕಾರಣವಿಲ್ಲದೆ ಸಿಡುಕಿದರೆ, ಬೆವರು ಇರಲಿ ಬಿಡಲಿ, ಅದು ಪ್ರಾಣಾಪಾಯ. ವೈದ್ಯರಿಗೆ ಕರೆ ಹೋಗುತ್ತಿರುವಾಗಲೇ ಮೈ ತಣಿಸಲು ತೊಡಗಿ. ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಇಳಿಸಿ, ತಲೆಯನ್ನು ಒಬ್ಬರು ಹಿಡಿದುಕೊಂಡಿರಲಿ; ಅಷ್ಟು ನೀರಿಲ್ಲದಿದ್ದರೆ ಮೈತುಂಬ ಸುರಿದು ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಚನ್ನವೀರನ ಬರಹವನ್ನು ನಂಬಿ ನಮ್ಮ ಹಿರಿಯರ ಸಭೆ ಕಟ್ಟಳೆಯನ್ನು ಹಾಗೆಯೇ ಉಳಿಸಿಕೊಂಡಿದೆ. ನೀಲಮ್ಮ ಈಗ ತಾಯಿಯ ಜಾಗದಲ್ಲಿ ಮಾಳಿಗೆ ಹತ್ತುತ್ತಾಳೆ. ನಿನ್ನೆ ಗಂಟೆಯಾದ ಮೇಲೆ ಬಂದಳು; ಯಾರ ಮಾತಿಗೂ ಉತ್ತರಿಸಲಿಲ್ಲ. ಬರಿಯ ದಣಿವಾಗಿತ್ತು. ನಾನು ಬಾಗಿಲಿನ ಹೊಣೆಯನ್ನು ಹಿಂತಿರುಗಿಸಿದ್ದೇನೆ, ಅಗುಳಿ ಈಗ ಬೇರೊಬ್ಬರ ಕೈಯಲ್ಲಿದೆ. ಎರಡನೆಯ ಬೇಸಿಗೆ ಇನ್ನೂ ಎಂಬತ್ತು ದಿನವಿದೆ. ನಿಮ್ಮ ಊರುಗಳಲ್ಲಿ ಇಂಥ ಕಟ್ಟಳೆಗಳು ಇನ್ನೂ ಹುಟ್ಟಿರಲಾರವು. ಹುಟ್ಟುವ ದಿನ, ಸಿಟ್ಟಾದವರನ್ನು ಮೊದಲು ನೀರಿಗೆ ಇಳಿಸಬೇಕೆಂದು ಬರೆದಿಡಿ. ನಮ್ಮವರೆಗೆ ಬರುವುದು ನೀವು ಬರೆದದ್ದೇ.

ಚನ್ನವೀರನು 'ತಡೆದವರು' ಎಂದು ಬರೆದು ಹೆಸರು ಕೊಟ್ಟಿಲ್ಲ. ತಡೆದವಳು ಮಗಳೊಬ್ಬಳೇ. ಆ ಹೊತ್ತು ಬಾಗಿಲ ಬಳಿ ಇದ್ದವರು ಇವರು: ಹಣೆಗೆ ಬಟ್ಟೆ ಒತ್ತಿಕೊಂಡಿದ್ದ ಮೌಲಾಸಾಬ, ತಂಪುಗಿತ್ತಿ ದ್ಯಾವಮ್ಮ, ತೋಳು ಹಿಡಿದ ಅಮರೇಗೌಡ ಮತ್ತು ಸಿದ್ರಾಮ, ಕಾಲು ಗಂಟೆಯ ಮರಳುಗಡಿಯಾರವನ್ನು ತಿರುವಿಟ್ಟ ದಾಖಲೆಗಾರ ಚನ್ನವೀರ, ನೀಲಮ್ಮ, ಮತ್ತು ಈ ಪತ್ರ ಬರೆದ ನಾನು, ನಿವೃತ್ತ ಮುಖ್ಯೋಪಾಧ್ಯಾಯಿನಿ ರುದ್ರಾಂಬಿಕೆ.