ಗಾಜಿನ ಫಿಲ್ಟರು

ಗರಿಯಾಹಾಟ್, ಕೋಲ್ಕತ್ತಾ
೧೮ ಸೆಪ್ಟೆಂಬರ್ ೨೦೨೪

ಪ್ರೀತಿಯ ದೀಕ್ಷಾ,

ಅಮ್ಮನ ಆಶೀರ್ವಾದಗಳು. ಹೇಗಿದ್ದೀ ಮಗಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಮಂಗಳೂರಿನ ಸೆಖೆಗೆ ನಿನಗೆ ತಲೆನೋವೆಂದು ಪದ್ಮಿನಿ ಚಿಕ್ಕಮ್ಮ ಹೇಳಿದಳು. ಬಟ್ಟೆ ಅಂಗಡಿಯಲ್ಲಿ ಇಡೀ ದಿನ ಬಿಲ್ಲು ಬರೆಯುತ್ತಾ ಕೂತರೆ ಯಾರ ತಲೆಯಾದರೂ ನೋಯುತ್ತದೆ, ಪಾಪ, ಸೆಖೆಯನ್ನು ಯಾಕೆ ದೂರಬೇಕು? ಫೋನಿನಲ್ಲಿ ಕಾರಿನ ಮಾತೆತ್ತಿದರೆ ನೀನು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ನೀನು ಕನ್ನಡ ಓದುವುದು ನಿಧಾನ, ಗೊತ್ತು. ನಿಧಾನಕ್ಕೇ ಓದು, ಆದರೆ ಕೊನೆಯವರೆಗೆ ಓದು.

ಅಪ್ಪನ ಸುಟ್ಟ ಕೈ ಎರಡೂ ಹಾಗೇ ಇವೆ. ಚರ್ಮ ಬಂದಿದೆ, ಬೆರಳು ಮಡಚುವುದಿಲ್ಲ. ಬೆಳಿಗ್ಗೆ ಕೆಳಗಿನ ನಮ್ಮ ಹೋಟೆಲಿಗೆ ಇಳಿದು ದೋಸೆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಸೌಟು ಹಿಡಿಯಲಾಗದೆ ವಾಪಸ್ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಎರಡು ಹೊತ್ತೂ ನಾನೇ ಅನ್ನ ಕಲಸಿ ಉಣಿಸುತ್ತೇನೆ. ಉಣ್ಣುವಾಗ ನನ್ನ ಮುಖ ನೋಡುವುದಿಲ್ಲ. ಗಂಡಸು, ನಾಚಿಕೆಯಿರಬೇಕು ಎಂದುಕೊಂಡಿದ್ದೆ.

ನಿನ್ನೆ ಇಲ್ಲಿ ವಿಶ್ವಕರ್ಮ ಪೂಜೆ. ಎದುರಿನ ಗ್ಯಾರೇಜಿನಲ್ಲಿ ಢಾಕ್ ಬಾರಿಸುತ್ತಿದ್ದರು, ಆಕಾಶದ ತುಂಬ ಗಾಳಿಪಟ. ನನಗೆ ಮಾತ್ರ ಆ ಸದ್ದು ಕೇಳಿದರೆ ಕಳೆದ ವರ್ಷದ ನಮ್ಮ ಆಯುಧಪೂಜೆಯೇ ಕಣ್ಣೆದುರು ಬರುತ್ತದೆ. ಆ ಹೊತ್ತಿಗೇ ನಮ್ಮ ಓಣಿಯ ದುರ್ಗಾಪೂಜೆ ಸಮಿತಿಯವರು ಬಂದು, ಪೆಂಡಾಲಿನ ಬಿದಿರು ಇಳಿಸಲು ಹಿತ್ತಲು ಬೇಕು, ಸುಟ್ಟ ಕಾರನ್ನು ತೆಗೆಸಿ ಎಂದರು. ಅಪ್ಪ ಕೂಡಲೇ ಗುಜರಿಯವನಿಗೆ ಫೋನ್ ಮಾಡಿಸಿದರು. ಏನು ಅವಸರ ಎಂದು ನನಗೆ ಅನ್ನಿಸಿತು. ನೀವಿಬ್ಬರೂ ಸೇರಿ ಎಬ್ಬಿಸಿ ನಿಲ್ಲಿಸಿದ ಕಾರು ಅದು. ಹೋಗುವ ಮೊದಲು ಒಮ್ಮೆ ನೋಡೋಣವೆಂದು ಒಬ್ಬಳೇ ಹೋಗಿ ಟಾರ್ಪಾಲು ಸರಿಸಿದೆ.

ನಿನಗೆ ನೆನಪಿದೆಯಾ, ನೀನು ಕಾರಿನಡಿ ಮಲಗಿದ್ದಾಗ ಟಾರ್ಚು ಹಿಡಿದವಳು ನಾನು. ಹಳೆಯ ಕಾರಿಗೆ ಹೊಸ ಇಂಜಿನ್ ಕೂರಿಸಿದ್ದಿರಿ, ಅದಕ್ಕೆ ಜೋರಾಗಿ ತಳ್ಳುವ ಕರೆಂಟಿನ ಪಂಪು. ಪೆಟ್ರೋಲು ಸೋಸಲು ಎರಡು ಫಿಲ್ಟರು ಯಾಕೆ ಎಂದು ಕೇಳಿದ್ದಕ್ಕೆ ನೀನು ನನ್ನ ಭಾಷೆಯಲ್ಲೇ ಹೇಳಿದ್ದೆ: "ಪಂಪಿಗೆ ಮುಂಚೆ ಜರಡಿ ಅಮ್ಮಾ, ಪಂಪ್ ಆದ್ಮೇಲೆ ಬಟ್ಟೆ." ಈ ಪಂಪಿಗೆ ತಳ್ಳುವ ಶಕ್ತಿಯುಂಟು, ಎಳೆಯುವ ಶಕ್ತಿ ಕಮ್ಮಿ, ಮೊದಲೇ ಬಿಗಿ ಬಟ್ಟೆ ಕಟ್ಟಿದರೆ ಉಸಿರು ಕಟ್ಟಿ ಸಾಯುತ್ತದೆ ಎಂದಿದ್ದೆ. ಎರಡನ್ನೂ ಹಿಂದೆ, ಟ್ಯಾಂಕಿನ ಪಕ್ಕ, ಇಂಜಿನ್ನಿನ ಬಿಸಿ ತಾಗದ ಕಡೆ ಕೂರಿಸಿದೆ. ಪಂಪಿನಾಚೆ ನುಣ್ಣಗೆ ಸೋಸುವ ಫಿಲ್ಟರು ಉಕ್ಕಿನದು. ಅಪ್ಪನಿಗೆ ಗಾಜಿನ ಬಟ್ಟಲಿನದೇ ಬೇಕಿತ್ತು. ಹಿಂದಿನ ಇಂಜಿನ್ನಿನ ಜೊತೆ ಬಂದ ಆ ಹಿತ್ತಾಳೆ ತಲೆಯ ಗಾಜಿನ ಫಿಲ್ಟರನ್ನು ತೊಳೆದು ಶೋಕೇಸಿನಲ್ಲಿ ಇಟ್ಟಿದ್ದರಲ್ಲ. ನೀನು ಖಡಾಖಂಡಿತ ಹೇಳಿದೆ, "ಬೇಡ ಅಪ್ಪಾ, ಈ ಪಂಪ್ ಪ್ರೆಷರ್‌ಗೆ ಗ್ಲಾಸ್ ನಿಲ್ಲಲ್ಲ." ಅವರು ಮುಖ ಊದಿಸಿಕೊಂಡು ಎರಡು ದಿನ ಮಾತಾಡಲಿಲ್ಲ.

ನಾವು ಊರಿನಲ್ಲಿ ಬಸ್ಸಿಗೂ ಲಾರಿಗೂ ಆರತಿ ಎತ್ತುವವರು. ಬಾನೆಟ್ಟು ತೆರೆದು, ಇಂಜಿನ್ ಚಾಲೂ ಮಾಡಿ, ಅದರ ಮುಂದೆಯೇ ಕರ್ಪೂರದ ತಟ್ಟೆ ಹಿಡಿಯುವ ಬುದ್ಧಿ ನಮಗಲ್ಲದೆ ಇನ್ಯಾರಿಗೆ ಬರುತ್ತದೆ? ಊದುಬತ್ತಿಯ ಹೊಗೆಯಲ್ಲಿ ಪೆಟ್ರೋಲಿನ ವಾಸನೆ ಒಬ್ಬರ ಮೂಗಿಗೂ ಹತ್ತಲಿಲ್ಲ, ಭಗ್ಗೆಂದು ಎದ್ದ ಬೆಂಕಿ ಅಪ್ಪನ ಕೈ ಸುಟ್ಟಿತು. ಆಸ್ಪತ್ರೆಯಲ್ಲಿ ಮಾಧವ ಮಾವ, "ಹುಡುಗಿ ಕೂರಿಸಿದ ಫಿಲ್ಟರ್ ಸೋರಿತು" ಎಂದಾಗ ನಾವು ಯಾರೂ ಇಲ್ಲವೆನ್ನಲಿಲ್ಲ. ನೀನೂ ಎನ್ನಲಿಲ್ಲ. ಅವತ್ತಿನಿಂದ ನೀನು ಸ್ಪ್ಯಾನರ್ ಮುಟ್ಟಿಲ್ಲ, ಮೆಕ್ಯಾನಿಕ್ ಕೋರ್ಸು ಬಿಟ್ಟೆ, ಊರು ಬಿಟ್ಟೆ. ಅಪ್ಪನ ಕೈ ಸುಟ್ಟವಳು ನಾನೇ ಎಂದು ಚಿಕ್ಕಮ್ಮನ ಹತ್ತಿರ ಕಣ್ಣೀರಿಟ್ಟೆಯಂತೆ.

ಈಗ ನಾನು ನೋಡಿದ್ದನ್ನು ಹೇಳುತ್ತೇನೆ. ಕಾರಿನ ಮುಂಭಾಗ ಮಾತ್ರ ಸುಟ್ಟಿದೆ, ಹಿಂಭಾಗಕ್ಕೆ ಬೆಂಕಿ ತಾಗಿಯೇ ಇಲ್ಲ. ಬಗ್ಗಿ ನೋಡಿದೆ. ಜರಡಿ ಫಿಲ್ಟರು ಇದೆ, ಪಂಪು ಇದೆ. ಅದರಾಚೆ ಉಕ್ಕಿನ ಫಿಲ್ಟರಿಗೆ ನೀನು ಬಿಗಿದ ಪಟ್ಟಿ ಖಾಲಿ. ಆ ಜಾಗದಲ್ಲಿ ಬರೀ ಹೊಸ ಪೈಪಿನ ತುಂಡು ಜೋಡಿಸಿದ್ದಾರೆ. ಮುಂದೆ ಬಂದು ಇಂಜಿನ್ನಿನ ಪಕ್ಕ ಮಸಿ ಒರೆಸಿದರೆ ಹಿತ್ತಾಳೆಯ ತಲೆ, ಅದರ ಅಂಚಿನಲ್ಲಿ ಗಾಜಿನ ಚೂರು. ಶೋಕೇಸಿನಲ್ಲಿ ಅದು ಇಲ್ಲವೆಂಬುದನ್ನು ನಾನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ಡಿಕ್ಕಿ ತೆಗೆದೆ. ನಿನ್ನ ಉಕ್ಕಿನ ಫಿಲ್ಟರು ಹೆಗಲಿಗೆ ಹಾಕುವ ಬೈರಾಸಿನಲ್ಲಿ ಸುತ್ತಿಟ್ಟಿತ್ತು. ಬೈರಾಸು ಯಾರದೆಂದು ಒಗೆಯುವವಳಿಗೆ ಗೊತ್ತಾಗದೆ ಇರುತ್ತದೆಯೇ?

ಪೂಜೆಯ ಬೆಳಿಗ್ಗೆ ನಾವಿಬ್ಬರೂ ಹೂ ತರಲು ಮಾರ್ಕೆಟ್ಟಿಗೆ ಹೋಗಿದ್ದೆವು. ಮನೆಯಲ್ಲಿ ಅವರೊಬ್ಬರೇ ಇದ್ದರು. ನನ್ನ ಊಹೆ ತಪ್ಪಾಗಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೇನೆ. ರಾತ್ರಿ ಕೇಳಲು ಬಾಯಿ ಬರಲಿಲ್ಲ, ಇವತ್ತು ಮಧ್ಯಾಹ್ನ ಉಣಿಸುವಾಗ ಕೇಳುತ್ತೇನೆ. ಫಿಲ್ಟರನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ, ಕೈಯಲ್ಲಿ ಹಿಡಿದು ನೋಡು. ಒಂದು ಗೀರೂ ಇಲ್ಲ.

ಚಿಕ್ಕಮ್ಮನಿಗೆ ನನ್ನ ನೆನಪು ಹೇಳು. ತಲೆಗೆ ಎಣ್ಣೆ ಹಚ್ಚಿಕೋ. ಕೃಷ್ಣ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಅಂಬುಜಾ

ಇನ್ನೊಂದು ಮಾತು: ಕವರು ಅಂಟಿಸುವ ಮೊದಲು ಕೇಳಿಯೇಬಿಟ್ಟೆ. ಬಾಯಲ್ಲಿದ್ದ ತುತ್ತು ನುಂಗಿ ಮುಗಿಸಿದರು. ಆಮೇಲೆ ಹೇಳಿದರು, "ನಾನೇ ಮಾರಾಯ್ತಿ. ಬಂದವ್ರಿಗೆ ಪೆಟ್ರೋಲ್ ಓಡುದು ಕಾಣ್ಲಿ ಅಂತ ಮುಂದೆ ತಂದಿಟ್ಟೆ. ಆಸ್ಪತ್ರೆಯಲ್ಲಿ ಹೇಳುವಾ ಅಂತಿದ್ದೆ. ಅಷ್ಟರಲ್ಲಿ ಮಾಧವ ಅವಳ ಹೆಸ್ರು ಹೇಳಿದ. ಸುಮ್ನಾದೆ." ಒಂದು ವರ್ಷ ಸುಮ್ಮನಿದ್ದರು, ದೀಕ್ಷಾ. ನೀನಿಟ್ಟ ಜಾಗ ಸರಿಯಾಗಿತ್ತು, ನೀನಿಟ್ಟ ಫಿಲ್ಟರೂ ಸರಿಯಾಗಿತ್ತು. ಅವರನ್ನು ಕ್ಷಮಿಸು ಎಂದು ನಾನು ಬರೆಯುವುದಿಲ್ಲ. ತಟ್ಟೆಯ ಪಕ್ಕ ಒಂದು ಚಮಚ ಇಟ್ಟು ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ. ಒಳಗೆ ಚಮಚ ನೆಲಕ್ಕೆ ಬೀಳುವ ಸದ್ದು ಮತ್ತೆ ಮತ್ತೆ ಕೇಳುತ್ತಿದೆ. ನಾನು ಏಳುವುದಿಲ್ಲ.