ಡಿಕ್ಕಿಯಲ್ಲಿ ಕುಳಿತ ಡಗ್ಗಾ

ಅಪ್ಪಾ,

ತೀರ್ಥರೂಪ, ಸಾಷ್ಟಾಂಗ, ಇತ್ತ ಕ್ಷೇಮ ಅತ್ತ ಕ್ಷೇಮ ಎಂದೆಲ್ಲ ಬರೆಯಲು ಶಾಲೆಯಲ್ಲಿ ಕಲಿಸಿದ್ದರು. ಅದನ್ನೆಲ್ಲ ಬರೆಯುತ್ತ ಕುಳಿತರೆ ನನ್ನ ಡ್ಯೂಟಿಯ ಹೊತ್ತಾಗುತ್ತದೆ. ಶರಣು ಎಂಬ ಒಂದೇ ಮಾತಿನಲ್ಲಿ ನಿನ್ನ ಪಾದ ಮುಟ್ಟುತ್ತೇನೆ.

ಫೋನಿರುವಾಗ ಇವಳಿಗೇನು ಪತ್ರದ ಹುಚ್ಚು ಎಂದು ನೀನು ಈಗ ಅವ್ವನ ಮುಖ ನೋಡುತ್ತಿರಬೇಕು. ಫೋನಿನಲ್ಲಿ ನಿನಗೆ ಏನು ಹೇಳಬೇಕೆಂದರೂ ಕೂಗಬೇಕು. ನಾನು ಇಲ್ಲಿ ಬೀದರಿನ ಮೈಲೂರಿನಲ್ಲಿ ನಿಂತು ಕೂಗಿದರೆ ನಮ್ಮ ಓಣಿಗೆ ಕೇಳಿಸುತ್ತದೆ, ಆ ಕಡೆ ಹಲಬರ್ಗಾದಲ್ಲಿ ಅವ್ವನಿಗೆ, ಅಣ್ಣನಿಗೆ, ವೈನಿಗೆ, ಅವರ ಮಕ್ಕಳಿಗೆ ಕೇಳಿಸುತ್ತದೆ, ನಿನಗೊಬ್ಬನಿಗೆ ಬಿಟ್ಟು. ಗುಳಿಗೆ ನುಂಗಿದೆಯಾ, ಉಂಡೆಯಾ ಎಂಬುದನ್ನು ಕೂಗಿ ಕೇಳಬಹುದು. ಔರಾದದಲ್ಲಿ ಆ ಭಾನುವಾರ ನಿನ್ನನ್ನು ನೋಡುತ್ತ ನಿಂತಾಗ ನನ್ನೊಳಗೆ ಏನಾಯಿತು ಎಂಬುದನ್ನು ಕೂಗಿ ಹೇಳುವುದು ಹೇಗೆ? ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಕೂತು ಒಬ್ಬನೇ ಓದು. ಅಮಿತಣ್ಣನ ಕೈಗೆ ಮಾತ್ರ ಕೊಡಬೇಡ, ಮುಂದೆ ಅವನ ಮೇಲೆ ಎರಡು ಮಾತು ಬರಲಿವೆ.

ನಾನು ನಡೆಯುವುದಕ್ಕಿಂತ ಮೊದಲು ನಿನ್ನ ಡಗ್ಗಾದ ದನಿಗೆ ತಲೆಯಾಡಿಸಿದೆ ಎಂದು ಅವ್ವ ಹೇಳುತ್ತಾಳೆ. ಭಾತಂಬ್ರಾದ ಧೊಂಡಿಬಾ ಕಾಕಾ ಹಾಡುವುದು, ನೀನು ತಬಲಾ ಡಗ್ಗಾ ನುಡಿಸುವುದು, ಬಲಗೈ ತಬಲಾದ ಮೇಲೆ, ಎಡಗೈ ದಪ್ಪ ದನಿಯ ಡಗ್ಗಾದ ಮೇಲೆ. ಅಭಂಗ ಮುಗಿದರೆ ವಚನ, ವಚನ ಮುಗಿದರೆ ತತ್ವಪದ. ಕಾಕಾ ಕಣ್ಣು ಮುಚ್ಚಿ ಹಾಡಿಗಿಳಿದರೆ ಊರು ಕೇರಿ ಎಲ್ಲ ಮರೆಯುತ್ತಿದ್ದರು. ಅವರನ್ನು ತಿರುಗಿ ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಕರೆತರುವುದು ನಿನ್ನ ಎಡಗೈಯ ಕೆಲಸವಾಗಿತ್ತು. ಭಾಲ್ಕಿ ತಾಲ್ಲೂಕಿನಲ್ಲಿ ಹಾವಗೆಪ್ಪನ ಎಡಗೈ ಎಂದರೆ ಸಾಕು, ಮುಂದೆ ಯಾರೂ ವಿಳಾಸ ಕೇಳುತ್ತಿರಲಿಲ್ಲ.

ಆಮೇಲೆ ನಿನ್ನ ಕಿವಿ ಹೋಗುತ್ತ ಬಂತು. ಮೊದಲು ತಾಳದ ದನಿ ಹೋಯಿತು, ಆಮೇಲೆ ಹಾರ್ಮೋನಿಯಂ ಪೇಟಿ, ಆಮೇಲೆ ನಮ್ಮ ಮಾತು. ಶ್ರಾವಣದ ಆ ಸೋಮವಾರ ನೀನು ಸಮ ತಪ್ಪಿದೆ. ಮತ್ತೆ ಹಿಡಿಯಲು ಹೋಗಿ ಮತ್ತೆ ತಪ್ಪಿದೆ. ಧೊಂಡಿಬಾ ಕಾಕಾ ಬೈಯಲಿಲ್ಲ. ಹಾಡು ನಿಲ್ಲಿಸದೆ, ಕಣ್ಣು ಕೂಡ ತೆರೆಯದೆ ಕೈ ಚಾಚಿ ನಿನ್ನ ಡಗ್ಗಾದ ಮೇಲೆ ಅಂಗೈ ಇಟ್ಟರು. ನಿಮ್ಮ ಭಜನಾ ಮಂಡಳಿಯಲ್ಲಿ ಅದಕ್ಕೆ ಅರ್ಥ ಒಂದೇ, ಇನ್ನು ಸಾಕು. ಉಳಿದ ಹಾಡು ಬರೀ ತಾಳದ ಮೇಲೆ ಮುಗಿಯಿತು. ಹೆಂಗಸರ ಸಾಲಿನಲ್ಲಿ ಕುಳಿತು ನಾನದನ್ನು ನೋಡಿದೆ. ನೀನು ಮನೆಗೆ ಬಂದು ತಬಲಾ ಜೋಡಿಯನ್ನು ಅವ್ವನ ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದೆ. ಯಾಕಪ್ಪಾ ಎಂದರೆ, "ಕೈ ಸತ್ತಾವ ಈಶವ್ವ" ಎಂದೆ.

ಆವತ್ತಿನಿಂದ ನಿನ್ನ ಮಾತೂ ಅಟ್ಟ ಹತ್ತಿತು. ಉಣ್ಣಲು ಬಾ ಎಂದರೆ ಬಂದೆ, ಮಲಗು ಎಂದರೆ ಮಲಗಿದೆ. ಮನೆ ತುಂಬ ಮಂದಿ, ನಡುವೆ ನೀನು ಬಾಡಿಗೆಗೆ ಬಂದವನ ಹಾಗೆ. ಕಿವಿಗೆ ಮಷೀನು ಹಾಕಿಸಿದೆವು. "ಇದರಾಗ ಮಂದಿ ಬಡಬಡ ಕೇಳ್ತದ, ಹಾಡು ಕೇಳಲ್ಲ" ಎಂದು ಅದನ್ನು ಗೂಡಿನಲ್ಲಿಟ್ಟೆ. ಕೈ ಸತ್ತಿದೆ ಎಂದು ನೀನು ನಂಬಿದೆ, ಅಣ್ಣ ನಂಬಿದ, ಊರೂ ನಂಬಿತು.

ನಾನು ನಂಬಲಿಲ್ಲ. ಯಾಕೆಂದು ಇಷ್ಟು ದಿನ ಹೇಳಿಲ್ಲ, ಈಗ ಕೇಳು. ಹೋದ ಚಳಿಗಾಲದಲ್ಲಿ ನೀನು ನಾನು ಟಿಕೆಟ್ ಹರಿಯುವ ಬಸ್ಸಿನಲ್ಲಿಯೇ ಬೀದರಿಗೆ ಬಂದೆಯಲ್ಲ? ಜಾಗವಿಲ್ಲದೆ ನಿನ್ನನ್ನು ಡ್ರೈವರ್ ಪಕ್ಕ, ಇಂಜಿನ್ನಿನ ಮಗ್ಗುಲಲ್ಲಿ ಕೂರಿಸಿದ್ದೆ. ಹಲಬರ್ಗಾ ಕ್ರಾಸಿನಲ್ಲಿ ಗಾಡಿ ನಿಂತಾಗ ನೋಡುತ್ತೇನೆ, ಇಂಜಿನ್ನಿನ ಗುಡುಗುಡಿಗೆ ಸರಿಯಾಗಿ ನಿನ್ನ ಎಡಗೈ ಬೆರಳು ಮೊಣಕಾಲ ಮೇಲೆ ಠೇಕಾ ಹಾಕುತ್ತಿವೆ! ನಿನಗೆ ಅದರ ಪರಿವೆಯೇ ಇಲ್ಲ. ಡ್ರೈವರ್ ಗೇರು ಬದಲಿಸಿದ, ನಿನ್ನ ಬೆರಳೂ ಲಯ ಬದಲಿಸಿದವು. ನಾನು ಇಷ್ಟು ವರ್ಷ ಬಸ್ಸಿನ ಹಲಗೆಯ ಮೇಲೆ ನಿಂತವಳು. ಇಂಜಿನ್ನು ಏನು ಹೇಳುತ್ತದೆಂದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತದೆ. ನಿನಗೂ ದಪ್ಪ ದನಿ ತಲುಪುತ್ತಿದೆ, ಸಣ್ಣ ದನಿ ಮಾತ್ರ ಹೋಗಿದೆ ಎಂದು ಆಗಲೇ ಗೊತ್ತಾಯಿತು. ಆ ಖುಷಿಯಲ್ಲಿ ಇಬ್ಬರಿಗೆ ಟಿಕೆಟ್ ಕೊಡುವುದನ್ನೇ ಮರೆತಿದ್ದೆ, ಅವರೇ ಕರೆದು ಇಸಿದುಕೊಂಡರು.

ಹಳೆ ಕಾರು ಕೊಂಡ ಮೇಲೆ ನಾನು ಮಾಡಿದ ಮೊದಲ ಕೆಲಸ ನಿನ್ನನ್ನು ಅದರಲ್ಲಿ ಕೂರಿಸಿ ಭಜನೆ ಹಚ್ಚಿದ್ದು. ಮಾರಿದವನು ಕಂಪನಿ ಸೆಟ್ಟು, ಹಿಂದೆ ದಪ್ಪ ದನಿಗೆಂದೇ ಬೇರೆ ಸ್ಪೀಕರು, ವೂಫರೂ ಇದೆ ಎಂದು ಮದುಮಗಳನ್ನು ತೋರಿಸುವ ಹಾಗೆ ಹೊಗಳಿ ತೋರಿಸಿದ್ದ. ಹಚ್ಚಿದೆ, ನೀನು ಸುಮ್ಮನೆ ಕೂತೆ. ಧ್ವನಿ ಏರಿಸಿದೆ. ಇನ್ನೂ ಏರಿಸಿದೆ. ನೀನು ಮುಖ ಕಿವುಚಿ, "ಬಂದ್ ಮಾಡು ತಾಯಿ, ಬರೀ ಛನ್ ಛನ್ ಅಂತದ" ಎಂದೆ. ಅಮಿತಣ್ಣ ಕಾರಿನ ಹೊರಗೆ ನಿಂತು ನಕ್ಕ. "ಕಿವುಡನ ಮುಂದ ಶಂಖ ಊದ್ದಂಗ ಆತು ನೋಡ್" ಎಂದ. ತನ್ನ ಅಪ್ಪನ ಬಗ್ಗೆ ಹಾಗನ್ನಬಹುದೇ? ಇಲ್ಲಿ ಅವನ ಮೇಲಿನ ಮೊದಲ ಮಾತು: ಅವನೊಬ್ಬ ಪುಕ್ಕಲ. ನೀನು ಮತ್ತೆ ಸೋಲುವುದನ್ನು ನೋಡಲಾರದೆ ಮೊದಲೇ ನಕ್ಕುಬಿಟ್ಟ.

ನಾನು ಬೀದರಿಗೆ ಬಂದವಳೇ ಕಲೀಮನ ಅಂಗಡಿಗೆ ಹೋದೆ. ಕಾರುಗಳಿಗೆ ಸೌಂಡ್ ಹಾಕುವವನು. ಮದುವೆ ಮೆರವಣಿಗೆಯ ಜೀಪುಗಳನ್ನು ಊರೆಲ್ಲ ನಡುಗುವಂತೆ ಮಾಡಿ ಹೆಸರು ಗಳಿಸಿದವನು, ಬೈಗುಳವನ್ನೂ ಗಳಿಸಿದವನು. ನನ್ನ ಮಾತು ಕೇಳಿ ಡಿಕ್ಕಿಯ ಮಗ್ಗುಲ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಕಂಪನಿಯ ವೂಫರ್ ತೋರಿಸಿದ. ನನ್ನ ಅಂಗೈಗಿಂತ ತುಸು ದೊಡ್ಡದು. "ಇದು ಸಣ್ಣದದ ಅಕ್ಕಾ. ಆವಾಜ್ ಏರಿಸಿದ್ರ ಹರೀಬಾರದಂತ ಒಳಗಿನ ಮಷೀನೇ ಬೇಸ್ ಕಮ್ಮಿ ಮಾಡ್ತದ" ಎಂದ. ಅಂದರೆ ನಾನು ನಿನಗಾಗಿ ಧ್ವನಿ ಏರಿಸಿದಷ್ಟೂ ನಿನ್ನ ಪಾಲಿನ ದನಿಯನ್ನೇ ಅದು ಕತ್ತರಿಸುತ್ತಿತ್ತು! ಈ ಸಿಟ್ಟಿಗೆ ಏನೆನ್ನಲಿ?

ಕಲೀಮ ಡಿಕ್ಕಿ ತುಂಬುವಂಥ ದೊಡ್ಡ ಡಬ್ಬಿ ಇಡುತ್ತೇನೆಂದ. ಹಾಗಾದರೆ ನಮ್ಮವ್ವನ ಚೀಲಗಳನ್ನು ಅವನ ತಲೆಯ ಮೇಲೆ ಇಡಲೇ ಎಂದು ಕೇಳಿದೆ. ಕೊನೆಗೆ ಒಪ್ಪಂದವಾಯಿತು: ಕಂಪನಿಯ ಸೆಟ್ಟು ಹಾಗೆಯೇ ಇರಲಿ, ವೂಫರ್ ಇದ್ದ ಜಾಗದಲ್ಲಿಯೇ ಅದಕ್ಕಿಂತ ದೊಡ್ಡದು, ಗಟ್ಟಿಯದು ಕೂರಲಿ. ಅದಕ್ಕೆ ಬಲ ಕೊಡುವ ಸಣ್ಣ ಆಂಪ್ಲಿಫೈಯರ್ ಸೀಟಿನ ಕೆಳಗೆ. ಕಂಪನಿ ಕತ್ತರಿಸಿದ ಬೇಸನ್ನು ತಿರುಗಿ ಸೇರಿಸುವ ಒಂದು ಡಬ್ಬಿ ಅದರ ಪಕ್ಕದಲ್ಲಿ. "ಫಿಕರ್ ಮಾಡಬ್ಯಾಡ್ರಿ, ಕಾಕಾನ ಮೈ ಝುಂ ಅನ್ನಬೇಕು, ಹಂಗ ಮಾಡ್ತೇನಿ" ಎಂದ.

ಮುಂದಿನದು ನಿನಗೆ ಗೊತ್ತಿದೆ, ಆದರೂ ಬರೆಯುತ್ತೇನೆ, ಯಾಕೆಂದರೆ ನೀನದನ್ನು ನನ್ನ ಕಣ್ಣಿನಿಂದ ನೋಡಿಲ್ಲ. ಹೊಸ ವೂಫರು ಕೂತ ಮೇಲೆ ಹಲಬರ್ಗಾಕ್ಕೆ ಬಂದು ನಿನ್ನನ್ನೂ ಅವ್ವನನ್ನೂ ಕಾರಿನಲ್ಲಿ ಕರೆದುಕೊಂಡು ಕಲೀಮನ ಅಂಗಡಿಗೆ ಬಂದೆ. ಭಾತಂಬ್ರಾದ ಮೈಕಿನವರು ಎಂದೋ ಪೆನ್‌ಡ್ರೈವಿನಲ್ಲಿ ತುಂಬಿಕೊಟ್ಟಿದ್ದ, ನೀನೂ ಕಾಕಾನೂ ಕೂಡಿ ಮಾಡಿದ ಭಜನೆ ಹಚ್ಚಿದೆವು. ಏನೂ ಇಲ್ಲ! ಹೊಸ ವೂಫರು ಗಂಟಲು ಕಟ್ಟಿದವರ ಹಾಗೆ ಗುರ್ ಎಂದಿತು, ಅಷ್ಟೆ. ಕಲೀಮ ಓಡಿ ಹೋಗಿ ಡಿಕ್ಕಿ ತೆರೆದ. ತೊಗರಿಬೇಳೆಯ ಚೀಲ ವೂಫರಿನ ಜಾಲರಿಗೆ ಬೆನ್ನು ಕೊಟ್ಟು ಕುಳಿತಿತ್ತು, ಅದರ ಮೇಲೆ ಜೋಳ, ಅದರ ಮೇಲೆ ಕುಸುಬೆ ಎಣ್ಣೆಯ ಡಬ್ಬಿ. ಮಗಳ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಅವ್ವ ಹಲಬರ್ಗಾದ ಅರ್ಧ ಹೊಲವನ್ನೇ ಡಿಕ್ಕಿಗೆ ತುಂಬಿದ್ದಳು. "ಮಾಯೀ, ಇದು ಟೆಂಪೋ ಅಲ್ರಿ" ಎಂದು ಕಲೀಮ ಕೈಮುಗಿದ. ಅವ್ವ ಸಿಟ್ಟಿಗೆದ್ದು, "ಹಾಡೋದು ಮುಂದ, ಚೀಲ ಹಿಂದ. ಇದಕೇನ್ ಅಡ್ಡಿ?" ಎಂದಳು.

ಚೀಲಗಳೆಲ್ಲ ಅಂಗಡಿಯೊಳಗೆ ಹೋದವು. ಮತ್ತೆ ಹಚ್ಚಿದೆವು. ದನಿ ಬಂತು, ಮೊದಲಿಗಿಂತ ದಪ್ಪಗೆ ಬಂತು. ಆದರೂ ಏನೋ ಪೊಳ್ಳು. ಕಲೀಮ ಆಗ್ಯದ ಎಂದ, ನಾನೂ ಆಗಿದೆ ಎಂದುಕೊಂಡೆ. ನೀನು ಮಾತ್ರ ಹಿಂದೆ ಹೋಗಿ ಒಂದು ಅಂಗೈಯನ್ನು ವೂಫರಿನ ಹಾಳೆಯ ಮೇಲೆ, ಇನ್ನೊಂದನ್ನು ಹಿಂಬಾಗಿಲಿನ ಸ್ಪೀಕರಿನ ಮೇಲೆ ಇಟ್ಟು, ಎರಡೂ ತೋಳು ಚಾಚಿ ಕಣ್ಣು ಮುಚ್ಚಿ ನಿಂತೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಎಷ್ಟೋ ಹೊತ್ತಾದ ಮೇಲೆ ನೀನೆಂದೆ: "ಇದು ನೂಕಿದ್ರ ಅದು ಎಳೀತದ. ಜೋಡಿ ಕೂಡಿಲ್ಲ." ಕಲೀಮನ ಮುಖ ಸಣ್ಣದಾಯಿತು. ಹಾಳೆ ಬಿಚ್ಚಿದ. ಪ್ಲಸ್ಸಿನ ತಂತಿ ಮೈನಸ್ಸಿಗೆ, ಮೈನಸ್ಸಿನದು ಪ್ಲಸ್ಸಿಗೆ ಕಟ್ಟಿದ್ದ! ಬಾಗಿಲಿನ ಸ್ಪೀಕರೂ ವೂಫರೂ ಅಷ್ಟು ಹೊತ್ತು ಒಂದನ್ನೊಂದು ತಿನ್ನುತ್ತಿದ್ದವು. ತಂತಿ ಬದಲಿಸಿ ಹಚ್ಚಿದಾಗ ಬಂತು ನೋಡು, ನಿನ್ನ ಎಡಗೈ. ಸೀಟು ನಡುಗಿತು, ನನ್ನ ಎದೆ ನಡುಗಿತು. ಧೊಂಡಿಬಾ ಕಾಕಾ ಸಾಲನ್ನು ಎಳೆದೆಳೆದು ಎಲ್ಲೆಲ್ಲೋ ಅಲೆದಾಡಿಸಿ ಸಮಕ್ಕೆ ಬರುವಾಗ ನಿನ್ನ ಕೈ ಸೀಟಿನ ಬೆನ್ನಿಗೆ ಧಡ್ ಎಂದು ಬಿತ್ತು. ಕೂದಲೆಳೆಯಷ್ಟೂ ಹಿಂದಿಲ್ಲ, ಮುಂದಿಲ್ಲ. "ಕಾಕಾ ಉಸ್ತಾದ್ ಅದಾರ!" ಎಂದು ಕಲೀಮ ಕುಣಿದ. ಅವ್ವ ಸಿಟ್ಟು ಮರೆತು ಅವನಿಗೆ ಬೇಳೆ ಅಳೆದು ಕೊಟ್ಟಳು. ನಾನು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡೆ.

ಅದೇ ವಾರ ಧೊಂಡಿಬಾ ಕಾಕಾನ ಮಗಳು ಔರಾದದಲ್ಲಿ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿ ಇತ್ತು. ಉಂಡು ಬಂದರಾಯಿತು ಎಂದು ನೀನು ಮೊದಲು ಹೇಳಿದ್ದೆ. ಶನಿವಾರ ಅವ್ವನ ಫೋನು ಬಂತು: "ನಿಮ್ಮಪ್ಪ ಏಣಿ ಹಾಕ್ಕೊಂಡು ಅಟ್ಟ ಹತ್ಯಾನ. ಇಳಿ ಅಂದ್ರ ಇಳಿಯಲ್ಲ. ನೀನೇ ಬಂದು ಇಳಸು." ನಾನು ಬರುವಷ್ಟರಲ್ಲಿ ನೀನು ಅಟ್ಟದ ಮೇಲೆಯೇ ಜೋಡಿಯನ್ನು ಮಡಿಲಲ್ಲಿಟ್ಟುಕೊಂಡು ಸುತ್ತಿಗೆಯಿಂದ ಸ್ವರ ಕೂಡಿಸುತ್ತಿದ್ದೆ. ತಲೆ ತುಂಬ ಜೇಡರ ಬಲೆ. ಅಮಿತಣ್ಣ ಏಣಿ ಹಿಡಿದು ನಿಂತಿದ್ದ. ಇದು ಅವನ ಮೇಲಿನ ಎರಡನೆಯ ಮಾತು, ಇದನ್ನು ಬೇಕಾದರೆ ಅವನಿಗೆ ಓದಿ ಹೇಳು.

ಔರಾದದ ಆ ಹಂದರದ ಮುಂದೆ ನನಗಿದ್ದ ಹೆದರಿಕೆ ನಿನಗೆ ತಿಳಿಯದು. ಕಾರಿನಲ್ಲಿ ಆಗಿದ್ದು ಮಂದಿಯ ನಡುವೆ ಆಗದಿದ್ದರೆ? ಮತ್ತೊಮ್ಮೆ ಸಮ ತಪ್ಪಿದರೆ ನೀನು ಈ ಜನ್ಮದಲ್ಲಿ ಅದನ್ನು ಮುಟ್ಟುವುದಿಲ್ಲವೆಂದು ನನಗೆ ಗೊತ್ತಿತ್ತು. ಕಾಕಾ ನಿನ್ನ ಕೈಯಲ್ಲಿ ಜೋಡಿ ನೋಡಿ, "ಬ್ಯಾಡೋ ಹಾವಗೆಪ್ಪಾ, ಮಂದಿ ಮುಂದ ನಿನಗ ಮತ್ತ ತ್ರಾಸ ಯಾಕ?" ಎಂದರು. ಪ್ರೀತಿಯಿಂದಲೇ ಎಂದರು. ನಿನಗದು ಕೇಳಿಸಲಿಲ್ಲ, ನನಗೆ ಕೇಳಿಸಿತು. ಅಲ್ಲಿಗೆ ನನ್ನ ಕಂಡಕ್ಟರ್ ಬಾಯಿ ಸುಮ್ಮನಿರಲಿಲ್ಲ. "ಕಾಕಾ, ಸ್ವಲ್ಪ ಮುಂದ ಸರೀರಿ, ಗಾಡಿ ಬರ್ಲತದ!" ಎಂದು ಕೂಗಿ ಕಾರನ್ನು ಹಿಂದೆ ಹಿಂದೆ ತಂದು ಹಂದರಕ್ಕೆ ಹಚ್ಚಿದೆ. ಕರೆಯದಿದ್ದರೂ ತನ್ನ ಕೆಲಸ ನೋಡಲು ಬಂದಿದ್ದ ಕಲೀಮ, ಧೊಂಡಿಬಾ ಕಾಕಾನ ಮೈಕಿನಿಂದ ಕಾರಿನ ಸೆಟ್ಟಿಗೆ ಒಂದು ತಂತಿ ಎಳೆದ. ಡಿಕ್ಕಿ ತೆರೆದೆ. ನೀನು ಮೊದಲೇ ಹಿಡಿಯಷ್ಟು ಮನುಷ್ಯ. ಜೋಡಿ ಮುಂದಿಟ್ಟುಕೊಂಡು, ವೂಫರಿನ ಹಾಳೆಗೆ ಭುಜ ಕೊಟ್ಟು, ಡಿಕ್ಕಿಯೊಳಗೇ ಚಕ್ಕಳಮಕ್ಕಳ ಹಾಕಿ ಕೂತೆ. ಮಂದಿ ನಕ್ಕರು. ಡಿಕ್ಕಿಯಲ್ಲಿ ಭಜನೆ ಮಾಡುವವನನ್ನು ಯಾರು ತಾನೇ ಕಂಡಿದ್ದಾರೆ?

ಕಾಕಾನ ಕಂಠ ಮೊದಲೇ ಬಾವಿಯೊಳಗಿನಿಂದ ಬಂದ ಹಾಗೆ ದಪ್ಪ. ಅದು ತಂತಿಯಲ್ಲಿ ಹರಿದು ನಿನ್ನ ಭುಜಕ್ಕೆ ತಲುಪಿತು. ನಿನ್ನ ಮುಖ ಬದಲಾದದ್ದನ್ನು ನಾನು ನೋಡಿದೆ. ಎರಡನೇ ಸಾಲಿಗೆ ನೀನು ಕೈ ಹಚ್ಚಿದೆ. ಕಾಕಾ ಮೊದಮೊದಲು ಸಣ್ಣ ಸಣ್ಣ ಹೆಜ್ಜೆ ಇಟ್ಟು ಹಾಡಿದರು, ನಿನ್ನನ್ನು ಕಾಯುವವರ ಹಾಗೆ. ನೀನು ಬಿಡಲಿಲ್ಲ, ಲಯ ಏರಿಸಿದೆ. ಆಗ ಅವರು ಹಿಂದಿನ ಹಾಗೆ ಕಣ್ಣು ಮುಚ್ಚಿ ಇಳಿದರು, ಎಲ್ಲಿಗೋ ಹೋದರು. ನಾನು ಕಾರಿನ ಬಾಗಿಲು ಹಿಡಿದು ನಿಂತೆ. ನೀನು ಹೋಗಿ ಅವರನ್ನು ಕರೆತಂದೆ ಅಪ್ಪಾ. ಸಮ ಬಿದ್ದಾಗ ಔರಾದದ ಆ ಓಣಿ ಒಂದೇ ಸಲ ಹೋ ಎಂದಿತು. ಕಾಕಾ ಕಣ್ಣು ತೆರೆದು ಹಾಡು ನಿಲ್ಲಿಸಿ, "ಎಲ್ಲಿ ಹೋಗಿದ್ಯೋ ಇಷ್ಟ್ ದಿನ?" ಎಂದು ಅತ್ತರು. ಅದೂ ಮೈಕಿನಲ್ಲೇ ಆದ್ದರಿಂದ ನಿನಗೂ ತಲುಪಿತು ಎಂದುಕೊಂಡಿದ್ದೇನೆ. ಆಮೇಲೆ ಊಟದ ಎಲೆ ಹಾಕಿದರೂ ನೀವಿಬ್ಬರೂ ಏಳಲಿಲ್ಲ.

ಈಗ ನಾನು ಹೇಳಬೇಕಿದ್ದ ಮಾತಿಗೆ ಬಂದೆ. ಹಿಂದಿರುಗುವಾಗ ಕಾರಿನಲ್ಲಿ ನಡೆದದ್ದು. ಔರಾದ ಬಿಟ್ಟ ಕೂಡಲೇ ಅದೇ ಭಜನೆ ಮತ್ತೆ ಹಚ್ಚಬೇಕು, ಜೋರಾಗಿ ಹಚ್ಚಬೇಕು, ದಾರಿಯ ಸಂತಪುರದ ಮಂದಿ ಕೂಡ ಎದ್ದು ಬಂದು ನೋಡಬೇಕು ಎಂದುಕೊಂಡಿದ್ದೆ. ಅಷ್ಟು ಓಡಾಡಿ, ಬೈಸಿಕೊಂಡು, ಬೇಳೆ ಕೊಟ್ಟು ಹಾಕಿಸಿದ ಸೆಟ್ಟು ಅದು. ಹಚ್ಚಿಯೂ ಹಚ್ಚಿದೆ. ಅಷ್ಟರಲ್ಲಿ ನೀನು ಬಾಯಿ ತೆಗೆದೆ. ಧೊಂಡಿಬಾ ಕಾಕಾನಿಗೆ ವಯಸ್ಸಾಯಿತು, ಉಸಿರು ಸಾಲುವುದಿಲ್ಲ ಎಂದೆ. ಪೇಟಿಯವನಿಗೆ ಸುರ ಗೊತ್ತಿಲ್ಲ ಎಂದೆ. ಅವ್ವನ ಚೀಲದ ಮಾತು ತೆಗೆದು ನಕ್ಕೆ, ಅವ್ವ ಬೈದಳು, ನೀನು ತಿರುಗಿ ಬೈದೆ. ನನ್ನ ಡ್ಯೂಟಿ ಹೇಗಿದೆ, ಡ್ರೈವರ್ ಒಳ್ಳೆಯವನೇ ಎಂದು ಕೇಳಿದೆ. ವರ್ಷಗಳ ಮೇಲೆ ನೀನು ನನ್ನನ್ನು ಒಂದು ಮಾತು ಕೇಳಿದ್ದು ಅದು. ನಾನು ಕೈ ಚಾಚಿ ಸೆಟ್ಟನ್ನು ಬಂದ್ ಮಾಡಿದೆ. ಬೀದರ ಬರುವವರೆಗೂ ಮತ್ತೆ ಹಚ್ಚಲಿಲ್ಲ.

ನಿನ್ನ ಎಡಗೈ ಎಂದೂ ಹೀಗೇ ಬಿಸಿಯಾಗಿರಲಿ, ಬಾಯಿ ಅದಕ್ಕಿಂತ ಬಿಸಿಯಾಗಿರಲಿ. ಶರಣರು ನಿನ್ನನ್ನು ನೂರು ವರ್ಷ ಜಗಳವಾಡಿಸಲಿ. ಈ ಮಗಳ ಮೇಲೆ ನಿನ್ನ ಆಶೀರ್ವಾದವಿರಲಿ.

ನಿನ್ನ
ಈಶವ್ವ
ಮೈಲೂರ, ಬೀದರ